ಹಿಮ್ಮಡಿಯ ಗಾಯ

ಇಲ್ಕಾ ಸತ್ತಳೆಂದು ನಮಗೆ ತಿಳಿದ ದಿನ ಆಕಾಶ ಶುಭ್ರವಾಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಕಡಲತೀರಕ್ಕೆ ಅಂಥ ಬೆಳಗು ಬರುವುದು ಅಪರೂಪ. ಬಂದರೆ ಅವಳು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು ಹೊತ್ತು ಮೂಡುವ ಮೊದಲೇ ಗುಡ್ಡ ಹತ್ತಿಬಿಡುತ್ತಿದ್ದಳು. ಆ ದಿನವೂ ಹಿತ್ತಿಲ ಬಾಗಿಲಿನ ಅಗುಳಿ ಸರಿದ ಸದ್ದು ಕೇಳಿತು. ನಾನು ಹಾಸಿಗೆಯಲ್ಲೇ ಅವಳಿಗಾಗಿ ಶಿಲುಬೆಯ ಗುರುತು ಹಾಕಿ ಮಗ್ಗುಲು ಬದಲಿಸಿದೆ.

ಮಧ್ಯಾಹ್ನ ಇಗರ್ಜಿಯ ಗಂಟೆ ಬಾರಿಸಿ ಮನೆಗೆ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಫಿಂಟನ್ ಪ್ಯಾಡನ್ ಬಾಗಿಲಲ್ಲಿ ಬಂದು ನಿಂತ. ಪಕ್ಕದ ಹೊಲದವನು, ಗುಡ್ಡದ ಮೇಲೆ ಕುರಿ ಮೇಯಿಸುವವನು. ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು.

"ಬಾ, ಕೂತ್ಕೋ. ನೀರು ಕುದೀತಾ ಇದೆ."

"ಬೇಡ ಕೋಲ್ಮನ್. ಚಹಾ ಬೇಡ."

ಫಿಂಟನ್ ಚಹಾ ಬೇಡವೆಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಾರೋ ಸತ್ತಿದ್ದಾರೆಂದು ಆಗಲೇ ತಿಳಿಯಿತು.

"ಮೇಲೆ, ಹಳೇ ದೊಡ್ಡಿ ಹತ್ರ," ಎಂದ. "ಗೋಡೆಗೆ ಒರಗಿ ಕೂತಿದ್ಳು. ಬಿಸಿಲಿಗೆ ಕಣ್ಣು ಮುಚ್ಚಿದ್ದಾಳೆ ಅಂದ್ಕೊಂಡೆ. ನಾಯಿ ಹತ್ತಿರ ಹೋಗಲಿಲ್ಲ, ಅದಕ್ಕೆ ಗೊತ್ತಾಯ್ತು." ಗುಡ್ಡದ ಕಡೆ ಕೈ ತೋರಿಸಿ, "ಕ್ಯಾಮೆರಾ ಕೊಲ್ಲಿ ಕಡೆ ತಿರುಗಿ ನಿಂತಿದೆ. ನಾನು ಮುಟ್ಟಿಲ್ಲ," ಎಂದ.

ಒಲೆಯ ಮೇಲೆ ನೀರು ಉಕ್ಕಿ ಬೆಂಕಿಗೆ ಸುರಿಯಿತು. ಫಿಂಟನ್ ಹೋಗಿ ಇಳಿಸಿದ.

ಇಲ್ಕಾ ಹಾಲ್ಮಿ ಹಂಗೇರಿ ದೇಶದವಳು. ಜೌಗುನೆಲದಲ್ಲಿ ಉರುವಲಿಗೆ ಮಣ್ಣಿನ ಹೆಂಟೆ ಕಡಿಯುವವರ ಪಟ ತೆಗೆಯಬೇಕೆಂದು ಒಂದು ಬೇಸಿಗೆಯಲ್ಲಿ ಬಂದಳು. ಮಳೆ ಹಿಡಿದುಕೊಂಡಿತು. ನನ್ನ ಹೆಂಡತಿ ನೋರಾ ಅವಳನ್ನು ಒಳಗೆ ಕರೆದು, ಒದ್ದೆ ಕೋಟನ್ನು ಒಲೆಯ ಮುಂದೆ ಹರಡಿ, ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟಳು. ಒಂದು ವಾರಕ್ಕೆಂದು ಬಂದವಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಕೋಣೆಯಲ್ಲಿದ್ದಳು. ನಮಗೆ ಮಕ್ಕಳಾಗಿರಲಿಲ್ಲ. ನೋರಾ ತೀರಿಕೊಂಡಾಗ ಅವಳ ಕಣ್ಣು ಮುಚ್ಚಿದ್ದು ಇಲ್ಕಾಳ ಕೈ. ಆ ಮೇಲೆ ಸಂಜೆಯ ಜಪಮಾಲೆಗೆ ನಾನು ಅರ್ಧ ಹೇಳಿದರೆ ಉಳಿದರ್ಧ ಅವಳು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಮಾತೆ ಮರಿಯಳಿಗೆ ಎರಡೂ ಅರ್ಥವಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಅವಳು ಪಟ ತೆಗೆಯದ ಕೆಲಸ ನಮ್ಮಲ್ಲಿ ಉಳಿದಿರಲಿಲ್ಲ. ದೋಣಿಗೆ ಡಾಂಬರು ಬಳಿಯುವುದು, ಮದುವೆ ಮನೆಗೆ ಹುಲ್ಲಿನ ಮುಖವಾಡ ಹಾಕಿಕೊಂಡು ಕುಣಿಯಲು ಹೋಗುವುದು, ಕಲ್ಲುಗೋಡೆ ಕಟ್ಟುವುದು, ಎಲ್ಲವನ್ನೂ ತೆಗೆದಳು. ಆದರೆ ಅವಳ ಮನಸ್ಸು ನಿಂತದ್ದು ಸಂತ ಕ್ರೋನಾಳ ಬಾವಿಯಲ್ಲಿ. ಆಗಸ್ಟಿನಲ್ಲಿ ಸಂತಳ ಹಬ್ಬದ ದಿನ ಊರೆಲ್ಲ ಬರಿಗಾಲಲ್ಲಿ ಬಾವಿಗೆ ಬರುತ್ತದೆ. ಬಾವಿಯನ್ನು ಬಲಕ್ಕೆ ಇಟ್ಟುಕೊಂಡು, ಸೂರ್ಯ ಹೋಗುವ ದಿಕ್ಕಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸುತ್ತು ಬರುತ್ತೇವೆ. ತಲೆ ತಗ್ಗಿಸಿರಬೇಕು, ಅತ್ತಿತ್ತ ನೋಡಬಾರದು, ಮಾತಾಡಬಾರದು. ಹುಟ್ಟಿದಾಗಿನಿಂದ ನಾವು ಹಾಗೆಯೇ ಸುತ್ತಿದವರು.

"ನೀವೆಲ್ಲ ಒಬ್ಬರ ಬೆನ್ನು ಇನ್ನೊಬ್ಬರು ನೋಡ್ಕೊಂಡು ಪ್ರಾರ್ಥನೆ ಮಾಡ್ತೀರಿ," ಎಂದು ಅವಳು ನೋರಾಗೆ ಹೇಳುತ್ತಿದ್ದಳು. "ಆಗ ನಿಮ್ಮ ಮುಖ ಹೇಗಿರುತ್ತೆ ಅಂತ ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನ ತೆಗೀಬೇಕು ನಾನು."

ತೆಗೆದಳು. ಪ್ರತಿ ಹಬ್ಬದಲ್ಲೂ ಕುತ್ತಿಗೆಗೆ ಚಿಕ್ಕ ಕ್ಯಾಮೆರಾ ನೇತುಹಾಕಿಕೊಂಡು ಬಾವಿಯ ದಾರಿಯಲ್ಲಿ ನಮಗೆ ಎದುರಾಗಿ ಇರುತ್ತಿದ್ದಳು. ಅದರಿಂದಲೇ ತೊಡಕು ಹುಟ್ಟಿತು. ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ನಮ್ಮೂರಿನಲ್ಲಿ ಮುಖಕ್ಕೆ ಹೇಳುವ ಮಾತು ಹವಾಮಾನದ್ದು ಮಾತ್ರ.

ಆ ಗುರುವಾರ ಆಂಬುಲೆನ್ಸ್ ಅವಳನ್ನು ಜಿಲ್ಲೆಯ ಆಸ್ಪತ್ರೆಗೆ ಒಯ್ದಿತು. ಹೃದಯ ನಿಂತಿದೆ, ನೋವು ತಿಂದಿರಲಾರಳು, ಶನಿವಾರ ಸಂಜೆ ಕಳಿಸಿಕೊಡುತ್ತೇವೆ ಎಂದರು. ಹಂಗೇರಿಯಲ್ಲಿದ್ದ ಅಕ್ಕನಿಗೆ ಫಾದರ್ ಡೋಲನ್ ಫೋನ್ ಮಾಡಿದರು. ಅಕ್ಕ ಅತ್ತು, "ಅವಳು ಅಲ್ಲಿಯವಳೇ ಆಗಿಬಿಟ್ಟಿದ್ದಳು, ಅಲ್ಲಿಯೇ ಇರಲಿ," ಎಂದಳಂತೆ.

ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಜಪಮಾಲೆ ಮುಗಿಯಿತು. ಉಳಿದವರು ಹೋದ ಮೇಲೆ ಫಾದರ್, ಫಿಂಟನ್ ಮತ್ತು ಡೆಲಿಯಾ ಬ್ಯಾರೆಟ್ ಉಳಿದರು. ಡೆಲಿಯಾಳಿಗೆ ತೊಂಬತ್ತು ದಾಟಿದೆ. ಹಬ್ಬದ ದಿನ ಸುತ್ತಿನಲ್ಲಿ ಮೊದಲ ಹೆಜ್ಜೆ ಇಡುವವಳು ಅವಳೇ. ಬಾವಿಯ ವಿಷಯದಲ್ಲಿ ಅವಳ ಮಾತೆಂದರೆ ಮಾತು. ನನಗೆ ಎಂಬತ್ತು ಹತ್ತಿರವಾದರೂ ನಾನು ಅವಳಿಗೆ ಇನ್ನೂ ಹುಡುಗ.

"ಒಳ್ಳೇ ಹೆಂಗಸು," ಎಂದಳು ಡೆಲಿಯಾ, ಕೋಲಿನ ಮೇಲೆ ಗಲ್ಲ ಊರಿ. "ಚಹಾ ಮಾತ್ರ ಕಷಾಯದ ಥರ ಮಾಡೋಳು. ದೇವರು ಒಳ್ಳೇದು ಮಾಡಲಿ."

"ಭಾನುವಾರ ಬಲಿಪೂಜೆ ಆದ ಮೇಲೆ ಬಾವಿ ಗೇಟಿಂದ ಹೆಗಲ ಮೇಲೆ ತಗೊಳ್ಳೋಣ ಡೆಲಿಯಾ," ಎಂದೆ. "ಸುತ್ತಿನಲ್ಲಿ ಪೆಟ್ಟಿಗೆ ಹಿಂದೆ ಮೊದಲು ನೀನೇ ನಡಿ."

ನಮ್ಮವರು ಸತ್ತರೆ ಗಾಡಿ ಬಾವಿಯ ಗೇಟಿನ ತನಕ ಮಾತ್ರ ಬರುತ್ತದೆ. ಅಲ್ಲಿಂದ ಶವಪೆಟ್ಟಿಗೆಗೆ ಹೆಗಲು. ಸತ್ತವರ ಮನೆತನದ ಹೆಸರೇ ಇರುವ ನಾಲ್ವರು ಮೊದಲು ಎತ್ತುತ್ತಾರೆ. ಬಾವಿಗೆ ಒಂದು ಬಲಸುತ್ತು ಬಂದು, ಆಮೇಲೆ ಪಕ್ಕದ ಸಮಾಧಿಭೂಮಿಗೆ ಒಯ್ಯುತ್ತಾರೆ. ಸುತ್ತಿಲ್ಲದೆ ಮಣ್ಣಿಗೆ ಹೋಗುವವರು ಕಡಲು ತಂದು ಹಾಕಿದ ಗುರುತಿಲ್ಲದ ಹೆಣಗಳು ಮಾತ್ರ.

"ಸುತ್ತು ಬೇಡ ಹುಡುಗಾ," ಎಂದಳು ಡೆಲಿಯಾ.

"ಯಾಕೆ?"

"ಯಾಕೆ ಅಂತ ನಿನಗೂ ಗೊತ್ತು. ಇಷ್ಟು ವರ್ಷ ಬಾವಿನ ಎಡಕ್ಕೆ ಸುತ್ತಿದೋಳು ಅವಳು. ಮುಂದೆ ನಡೆಯೋಳು ನಾನು. ತಲೆ ಎತ್ತಿದ್ರೆ ಎದುರಿಗೆ ಅವಳ ಮುಖ. ನಾವು ಹೀಗೆ ಬಂದ್ರೆ ಅವಳು ಹಾಗೆ. ಎಡಕ್ಕೆ ಸುತ್ತೋರು ಹಿಂದೆ ಯಾಕೆ ಸುತ್ತುತ್ತಿದ್ರು ಅಂತ ನಮ್ಮಜ್ಜಿ ಹೇಳ್ತಿದ್ಳು. ನೆರೆಯೋರ ಮನೆ ಹಾಳಾಗಲಿ ಅಂತ."

"ಅದೆಲ್ಲ ಹಳೇ ಕಾಲದ್ದು, ಡೆಲಿಯಾ," ಎಂದರು ಫಾದರ್ ಡೋಲನ್. ಅವರು ನಮ್ಮ ಇಗರ್ಜಿಗೆ ಬಂದು ಎರಡು ಚಳಿಗಾಲ ಆಗಿತ್ತಷ್ಟೆ.

"ಬಾವೀನೂ ಹಳೇ ಕಾಲದ್ದೇ, ಫಾದರ್." ಅವಳು ನನ್ನ ಕಡೆ ತಿರುಗಿದಳು. "ಕೆಟ್ಟ ಮನಸ್ಸಿಂದ ಮಾಡಿದ್ಳು ಅಂತ ನಾನು ಹೇಳ್ತಿಲ್ಲ. ಪಟದ ಆಸೆಗೆ ಮಾಡಿದ್ಳು. ತಿಳೀದೆ ಕುಡಿದ್ರೂ ವಿಷ ವಿಷವೇ. ಅವಳು ಬಂದು ಮೂರು ಹಬ್ಬ ಆಗೋದ್ರಲ್ಲಿ ನನ್ನ ಗಂಡ ಮಾರ್ಟಿನ್ ಹೋದ."

"ಮಾರ್ಟಿನ್‌ಗೆ ಎಂಬತ್ತು ದಾಟಿತ್ತಲ್ಲ ಡೆಲಿಯಾ."

"ದಾಟಿದ್ರೇನು, ಇನ್ನೂ ಇರ್ತಿದ್ದ."

ನಾನು ಫಿಂಟನ್‌ನ ಮುಖ ನೋಡಿದೆ. ಅವನು ಟೋಪಿಯ ಒಳಗೆ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡುತ್ತಿದ್ದ.

"ಗುಂಡಿ ನಾವೇ ತೋಡ್ತೀವಿ ಕೋಲ್ಮನ್," ಎಂದ. "ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗಾಡಿ ನೇರ ಗುಂಡಿ ಹತ್ರ ಹೋಗಲಿ. ಹೆಗಲ ಮೇಲಿಟ್ಟು ಬಾವಿ ಸುತ್ತೋದು ಅಂದ್ರೆ... ಮನೇಲಿ ಎಳೇ ಕೂಸಿದೆ ನನಗೆ. ಬೇರೆಯವರೂ ಹಾಗೇ ಅಂತಿದ್ದಾರೆ. ಡೆಲಿಯಾ ಮುಂದೆ ನಡೀದೆ ಯಾರೂ ಹೆಗಲು ಕೊಡಲ್ಲ."

ನನ್ನ ಕಣ್ಣ ಮುಂದೆ ಬಂದದ್ದು ನೋರಾಳ ಪೆಟ್ಟಿಗೆ. ಅದನ್ನು ನಮ್ಮ ಮನೆತನದ ನಾಲ್ವರು ಲಾವೆಲ್‌ಗಳು ಹೊತ್ತು ಬಾವಿ ಸುತ್ತಿದ್ದರು. ಇಲ್ಕಾ ಅದರ ಹಿಂದೆ ಕ್ಯಾಮೆರಾ ಇಲ್ಲದೆ, ಬರಿಗೈಯಲ್ಲಿ ನಡೆದಿದ್ದಳು. ಅವಳು ಈಗ ಕಡಲ ಹೆಣದಂತೆ ಗಾಡಿಯಲ್ಲಿ ಮಣ್ಣಿಗೆ ಹೋಗುವುದೆಂದರೆ ನನ್ನ ಮನಸ್ಸು ಒಪ್ಪಲಿಲ್ಲ.

"ಎಡಕ್ಕೆ ಸುತ್ತಿದ್ದನ್ನ ಬಲಕ್ಕೆ ಸುತ್ತಿ ಬಿಚ್ಚಬಹುದಲ್ಲ?" ಎಂದು ಕೇಳಿದೆ.

ಡೆಲಿಯಾ ಯೋಚಿಸಿದಳು. "ಬಿಚ್ಚಬಹುದು. ಅವಳೇ ಬಿಚ್ಚಬೇಕಿತ್ತು."

"ಸತ್ತವರ ಪರವಾಗಿ ಸುತ್ತೋದು ನಮ್ಮಲ್ಲಿದೆ. ನಿನ್ನ ತಂಗಿಗಾಗಿ ನೀನು ಸುತ್ತಿದ್ದೆ."

"ಅವಳ ಒಂದೊಂದು ಹಬ್ಬಕ್ಕೂ ಒಂದೊಂದು ಸುತ್ತು ಬೇಕಾಗುತ್ತೆ. ಬರಿಗಾಲಲ್ಲಿ. ನಿನ್ನ ಸೊಂಟ ಏನನ್ನುತ್ತೆ?"

"ಸೊಂಟ ನನ್ನದು," ಎಂದೆ. "ಅದು ಏನನ್ನುತ್ತೆ ಅಂತ ನಾನು ಕೇಳಲ್ಲ."

ಶುಕ್ರವಾರ ಬೆಳಗಿನ ಪೂಜೆ ಮುಗಿದ ಕೂಡಲೇ ಬಾವಿಗೆ ಹೋದೆ. ತೀರದಿಂದ ಬೆಣಚುಕಲ್ಲುಗಳನ್ನು ಆರಿಸಿ, ಅವಳ ಒಂದೊಂದು ಬೇಸಿಗೆಗೆ ಒಂದರಂತೆ ಜೇಬಿಗೆ ಹಾಕಿಕೊಂಡಿದ್ದೆ. ಸುತ್ತು ಮುಗಿದಾಗ ಒಂದು ಕಲ್ಲನ್ನು ಬಾವಿಯ ಕಟ್ಟೆಯ ಮೇಲಿಡುವುದು ಪದ್ಧತಿ. ಜೇಬು ಖಾಲಿಯಾದರೆ ಕೆಲಸ ಮುಗಿಯಿತು. ಗೋಡೆಯ ಮರೆಯಲ್ಲಿ ಬೂಟು, ಕಾಲುಚೀಲ ಕಳಚಿ ಇಟ್ಟೆ.

ಬಾವಿಯ ದಾರಿ ದೊಡ್ಡದಲ್ಲ. ಮೊದಲು ಕಲ್ಲಿನ ತೊಟ್ಟಿ. ಅಲ್ಲಿಂದ ಇಳಿಜಾರಿನಲ್ಲಿ ಹರಕೆಯ ಬಟ್ಟೆಚೂರು ಕಟ್ಟಿದ ಮುಳ್ಳುಮರ. ಮರದಾಚೆ ನಾಲ್ಕು ಮಾರು ದೂರದಲ್ಲಿ ಶಿಲುಬೆ ಕೆತ್ತಿದ ಚಪ್ಪಡಿ. ಆಮೇಲೆ ಸಮಾಧಿಭೂಮಿಯ ಗೋಡೆಯ ಅಂಚಿನಲ್ಲಿ ಏರಿ ಬಂದರೆ ಮತ್ತೆ ತೊಟ್ಟಿ. ಒಂದೊಂದು ಕಡೆಯೂ ನಿಂತು ಜಪ ಹೇಳಬೇಕು. ಹುಲ್ಲು ಇಬ್ಬನಿಯಿಂದ ತೊಯ್ದಿತ್ತು. ಸೊಂಟ ಮೊದಲ ಸುತ್ತಿನಲ್ಲೇ ಮಾತಾಡಲು ಶುರುಮಾಡಿತು. ನಾನು ಕಿವಿಗೊಡಲಿಲ್ಲ.

ಗೋಡೆಯಾಚೆ ಫಿಂಟನ್ ಗುಂಡಿ ತೋಡುತ್ತಿದ್ದ. ಸಲಿಕೆ ಕಲ್ಲಿಗೆ ತಾಗುವ ಸದ್ದು ಬರುತ್ತಿತ್ತು. ನನ್ನ ಕಡೆ ನೋಡಬಾರದೆಂದು ಅವನು ಬಹಳ ಶ್ರಮಪಡುತ್ತಿದ್ದ.

ಕೆಲವು ಕಲ್ಲುಗಳು ಕಟ್ಟೆಗೇರಿದ ಮೇಲೆ ಫಾದರ್ ಡೋಲನ್ ಬಂದರು. ಗೇಟಿಗೆ ಒರಗಿ ಸ್ವಲ್ಪ ಹೊತ್ತು ನೋಡಿದರು.

"ಕೋಲ್ಮನ್, ಸಾಕು. ದೇವರು ಲೆಕ್ಕ ಇಡೋನಲ್ಲ."

"ಗೊತ್ತು ಫಾದರ್. ಡೆಲಿಯಾ ಇಡ್ತಾಳೆ."

ಅವರು ನಗು ತಡೆದುಕೊಂಡರು. ಆಮೇಲೆ ಗೋಡೆಯ ಮೇಲೆ ಕುಳಿತು ಜೇಬಿನಿಂದ ಜಪಮಾಲೆ ತೆಗೆದರು. ನನ್ನ ದನಿ ಕುಗ್ಗಿದಾಗ ಅವರ ದನಿ ಎತ್ತಿಕೊಂಡಿತು. ಅಷ್ಟು ಉಪಕಾರ ಮಾಡಿದರು.

ಅರ್ಧ ಜೇಬು ಖಾಲಿಯಾಗಿತ್ತು. ಬಿಸಿಲು ಏರಿ ಹುಲ್ಲು ಆರಿತ್ತು. ಮುಳ್ಳುಮರದ ಬುಡದಲ್ಲಿ ಒಂದು ಬೇರು ದಾರಿಗೆ ಅಡ್ಡ ಬಂದಿದೆ, ದನದ ಮೊಣಕಾಲಿನಷ್ಟು ದಪ್ಪ. ಊರಿನವರೆಲ್ಲ ಅದನ್ನು ತಿಳಿದು ದಾಟುತ್ತಾರೆ. ನನ್ನ ಕಾಲಿಗೆ ಆಗ ಎತ್ತುವ ಶಕ್ತಿ ಇರಲಿಲ್ಲ. ಹೆಬ್ಬೆರಳು ಹೋಗಿ ಬೇರಿಗೆ ಬಡಿಯಿತು. ಉಗುರು ಎದ್ದು ರಕ್ತ ಬಂತು. ನಾನು ಅಲ್ಲೇ ಕುಳಿತುಬಿಟ್ಟೆ.

ಕುಳಿತು, ಕಾಲನ್ನು ಕೈಯಲ್ಲಿ ಹಿಡಿದುಕೊಂಡಾಗ ನೋರಾ ನೆನಪಾದಳು. ಪ್ರತಿ ಹಬ್ಬದ ಮಧ್ಯಾಹ್ನ ಅಡುಗೆಮನೆಯಲ್ಲಿ ನಡೆಯುತ್ತಿದ್ದದ್ದು ಅದು. ಬೋಗುಣಿಯಲ್ಲಿ ಬೆಚ್ಚಗಿನ ಉಪ್ಪುನೀರು. ಇಲ್ಕಾ ಕುರ್ಚಿಯಲ್ಲಿ, ನೋರಾ ನೆಲದ ಮೇಲೆ. ನೋರಾ ಅವಳ ಕಾಲನ್ನು ಮಡಿಲಿಗೆ ಎಳೆದುಕೊಂಡು ಮುಲಾಮು ಹಚ್ಚುತ್ತಾ ಬಯ್ಯುತ್ತಿದ್ದಳು.

"ಎಲ್ಲರೂ ಬೆರಳು ಒಡ್ಕೊಂಡು ಬರ್ತಾರೆ. ನೀನೊಬ್ಬಳು ಹಿಮ್ಮಡಿ ಕಿತ್ಕೊಂಡು ಬರ್ತೀಯ. ಏನ್ ಮಾಡ್ತೀಯೇ ಅಲ್ಲಿ?"

"ಆ ಮರ ನನಗೆ ಹಿಂದಿನಿಂದ ಹೊಡೆಯುತ್ತೆ ನೋರಾ. ಮುಂದೆ ಬಂದು ಹೊಡೆಯೋ ಧೈರ್ಯ ಇಲ್ಲ ಅದಕ್ಕೆ."

ಇಬ್ಬರೂ ನಗುತ್ತಿದ್ದರು. ಒಲೆಯ ಪಕ್ಕದಲ್ಲಿ ಪೈಪು ಸೇದುತ್ತಾ ಕುಳಿತ ನಾನೂ ನಗುತ್ತಿದ್ದೆ.

ಹಿಮ್ಮಡಿ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಪ್ರತಿ ವರ್ಷವೂ ಹಿಮ್ಮಡಿ.

ನಾನು ಮರ ಹಿಡಿದು ಎದ್ದು ನಿಂತೆ. ತೊಟ್ಟಿಯ ಕಡೆಗೆ ಮುಖ ತಿರುಗಿಸಿದೆ, ಸುತ್ತು ಬರುವವರಿಗೆ ಎದುರಾಗಿ ನಿಂತ ಹಾಗೆ. ಎರಡು ಹೆಜ್ಜೆ ತೊಟ್ಟಿಯತ್ತ ಹೋಗಿ, ಅಲ್ಲಿಂದ ಹಿಂದಕ್ಕೆ ನಡೆದೆ. ಒಂದು ಹೆಜ್ಜೆ, ಇನ್ನೊಂದು. ಹಿಮ್ಮಡಿ ಹೋಗಿ ಬೇರಿಗೆ ಬಡಿಯಿತು.

"ಕೋಲ್ಮನ್!" ಫಿಂಟನ್ ಗುಂಡಿಯೊಳಗಿಂದ ತಲೆ ಎತ್ತಿದ್ದ. "ಏನ್ ಮಾಡ್ತಿದ್ದೀರಿ? ತಲೆ ತಿರುಗ್ತಾ ಇದೆಯಾ?"

"ಇಲ್ಲ. ಸರಿಯಾಗಿದೆ ಈಗ. ನೀನು ಮೇಲೆ ಬಾ. ನಿನ್ನ ವ್ಯಾನ್ ತೆಗಿ. ಡೆಲಿಯಾ ಮನೆಗೆ ಹೋಗಬೇಕು."

ವ್ಯಾನಿನಲ್ಲಿ ಕಾಲಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾ ಅವನಿಗೆ ಹೇಳಿದೆ. ಎಡಕ್ಕೆ ಸುತ್ತುವವಳು ನಮ್ಮಂತೆ ಮುಂದಕ್ಕೇ ನಡೆಯುತ್ತಾಳೆ, ಎಡವಿದರೆ ಬೆರಳು ಒಡೆಯುತ್ತದೆ. ಹಿಮ್ಮಡಿ ಒಡೆಯಬೇಕಾದರೆ ಹಿಂದಕ್ಕೆ ನಡೆಯಬೇಕು. ಅವಳ ಮುಖ ನಮ್ಮ ಕಡೆಗಿತ್ತು, ಕಾಲು ನಮ್ಮ ಜೊತೆಗಿತ್ತು. ಅವಳು ನಮಗೆ ಎದುರು ಬರುತ್ತಿರಲಿಲ್ಲ. ನಮ್ಮ ಮುಂದೆ ಹೋಗುತ್ತಿದ್ದಳು.

ಫಿಂಟನ್ ಗೇರು ಬದಲಿಸುವುದನ್ನು ಮರೆತ. ವ್ಯಾನು ಕೆಮ್ಮಿತು.

"ಡೆಲಿಯಾ ಒಪ್ಪಲ್ಲ," ಎಂದ. "ನೋರಾ ಇಲ್ಲ ಸಾಕ್ಷಿ ಹೇಳೋಕೆ."

"ಡೆಲಿಯಾಳ ಗೋಡೆ ಹೇಳುತ್ತೆ."

ಡೆಲಿಯಾಳ ಅಡುಗೆಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರ, ಅದರ ಕೆಳಗೆ ಕೆಂಪು ದೀಪ. ದೀಪದ ಪಕ್ಕದಲ್ಲಿ ಸಾಲಾಗಿ ಇಲ್ಕಾ ತೆಗೆದ ಮೂರು ಪಟಗಳು. ಒಂದರಲ್ಲಿ ಡೆಲಿಯಾ ತೊಟ್ಟಿಯ ಹತ್ತಿರ, ಒಂದರಲ್ಲಿ ಮುಳ್ಳುಮರದ ಹತ್ತಿರ, ಮೂರನೆಯದರಲ್ಲಿ ಚಪ್ಪಡಿಯ ಹತ್ತಿರ. ಪಟ ತೆಗೆದವಳ ಮೇಲೆ ಅಷ್ಟು ಅನುಮಾನವಿದ್ದೂ ಅವನ್ನು ಯಾಕೆ ತೂಗುಹಾಕಿದ್ದೀಯ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, "ಪಾಪ ಅವಳದು, ಪಟ ನನ್ನದು," ಎಂದಿದ್ದಳು.

ನನ್ನ ಕಾಲು ನೋಡಿ, "ಸೋತೆಯಾ ಹುಡುಗಾ?" ಎಂದಳು.

"ಇಲ್ಲ. ಕನ್ನಡಕ ಹಾಕ್ಕೋ ಡೆಲಿಯಾ. ಈ ಮೂರೂ ಒಂದೇ ದಿನದ್ದಾ?"

"ಒಂದೇ ದಿನದ್ದು. ಒಂದೇ ಸುತ್ತಿನದ್ದು. ಆ ಹಾಳು ತಲೆವಸ್ತ್ರ ನೋಡಿದ್ರೆ ಗೊತ್ತಾಗಲ್ವಾ? ತೊಟ್ಟಿ ಹತ್ರ ಗಂಟು ಗಲ್ಲದ ಕೆಳಗಿದೆ. ಮರದ ಹತ್ರ ಕಿವಿಗೆ ಬಂದಿದೆ. ಚಪ್ಪಡಿ ಹತ್ರ ಹೆಗಲಿಗೆ ಜಾರಿದೆ. ನನ್ನ ಬೋಳು ನೆತ್ತಿಯನ್ನ ಊರಿಗೆಲ್ಲ ತೋರಿಸಿದ್ಳು. ಎಷ್ಟು ಸಲ ಹೇಳಿಲ್ಲ ನಾನು ಇದನ್ನ."

"ಮೂರರಲ್ಲೂ ನಿನ್ನ ಮುಖ ಕಾಣ್ತಿದೆ."

"ಮುಖ ಕಾಣದೆ ಬೆನ್ನು ಕಾಣುತ್ತಾ? ಎದುರಿಂದ ತಾನೆ ಅವಳು ಬರ್ತಿದ್ದದ್ದು."

"ಹಾಗಾದ್ರೆ ಹೇಳು. ಅವಳು ಎದುರಿಂದ ಬಂದು ಮರದ ಹತ್ರ ನಿನ್ನ ದಾಟಿ ಹೋದ್ಳು. ನಾಲ್ಕು ಮಾರು ಆಚೆ ಚಪ್ಪಡಿ ಹತ್ರ ಮತ್ತೆ ನಿನ್ನ ಮುಂದೆ ಹೇಗೆ ನಿಂತಳು? ಹಾರಿ ಬಂದ್ಳಾ?"

ಡೆಲಿಯಾ ಕೋಲೂರಿ ಎದ್ದು ಗೋಡೆಯ ಹತ್ತಿರ ಹೋದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತು ಮೊದಲ ಪಟ ನೋಡಿದಳು, ಎರಡನೆಯದನ್ನು ನೋಡಿದಳು, ಮೂರನೆಯದಕ್ಕೆ ಬಂದು ಮತ್ತೆ ಮೊದಲನೆಯದಕ್ಕೆ ಹೋದಳು. ನಾನು ಹಿಮ್ಮಡಿಯ ಮಾತು ಹೇಳಿದೆ, ನೋರಾಳ ಬೋಗುಣಿಯ ಮಾತು ಹೇಳಿದೆ, ಬೇರಿನ ಮಾತು ಹೇಳಿದೆ.

"ನಾನು ತಲೆ ಎತ್ತಿದ್ದೇ ಕಡಿಮೆ," ಎಂದಳು ಕೊನೆಗೆ, ಗೋಡೆಗೆ ಹೇಳಿದ ಹಾಗೆ. "ಎತ್ತಿದಾಗ ಮುಖ ಕಾಣ್ತು. ಕಾಲು ಯಾರು ನೋಡ್ತಾರೆ?"

"ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ."

"ಬರಿಗಾಲಲ್ಲಿದ್ಳಾ?"

"ಬರಿಗಾಲಲ್ಲಿ."

"ಬೆನ್ನು ಮುಂದಾಗಿ, ಆ ಬೇರಿನ ಮೇಲೆ?"

"ಪ್ರತಿ ವರ್ಷ."

"ಕಣ್ಣಿಟ್ಟು ದಾಟಿದ್ರೂ ನನ್ನನ್ನೇ ಅದು ಬಿಡಲ್ಲ," ಎಂದಳು ಡೆಲಿಯಾ. "ಹಿಂದುಮುಂದಾಗಿ ಸುತ್ತಿದ್ಳು. ಹುಚ್ಚಿ. ಆದ್ರೆ ಬಲಕ್ಕೇ ಸುತ್ತಿದ್ಳು." ನಮ್ಮ ಕಡೆ ತಿರುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನ ಹಾಗೆಯೇ ಇತ್ತು. "ಫಿಂಟನ್, ಬಾಯಿ ಬಿಟ್ಕೊಂಡು ನಿಲ್ಲಬೇಡ. ನನ್ನ ಮೊಮ್ಮಕ್ಕಳಿಗೆ ಫೋನ್ ಮಾಡು. ಭಾನುವಾರ ಮೊದಲ ಹೆಗಲಿಗೆ ನಾಲ್ಕು ಬ್ಯಾರೆಟ್ ಬೇಕು."

"ಅವಳು ಬ್ಯಾರೆಟ್ ಅಲ್ವಲ್ಲ ಅಜ್ಜಿ," ಎಂದ ಫಿಂಟನ್.

"ಮದುವೆಗೆ ಮುಂಚೆ ನಾನೂ ಆಗಿರಲಿಲ್ಲ."

ನಾನು ಟೋಪಿ ಹಾಕಿಕೊಂಡು ಎದ್ದೆ. "ಎಲ್ಲಿಗೆ?" ಎಂದಳು.

"ಬಾವಿಗೆ. ಇನ್ನೂ ಕಲ್ಲು ಉಳಿದಿದೆ."

"ಎಡಕ್ಕೆ ಸುತ್ತೇ ಇಲ್ಲ ಅಂದ ಮೇಲೆ ಬಿಚ್ಚೋಕೆ ಏನಿದೆ?"

"ಬಿಚ್ಚೋಕಲ್ಲ. ಅವಳ ಹೆಸರಲ್ಲಿ ಹಿಡಿದದ್ದು, ಮುಗಿಸ್ತೀನಿ."

ಅವಳು ಬೇಡವೆನ್ನಲಿಲ್ಲ. ಕಪಾಟಿನಿಂದ ಮುಲಾಮಿನ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ನನ್ನ ಜೇಬು ಖಾಲಿಯಾಗಿತ್ತು. ಕೊನೆಯ ಸುತ್ತುಗಳಲ್ಲಿ ಫಿಂಟನ್ ಸಲಿಕೆ ಬಿಟ್ಟು ಬಂದು ನನ್ನ ಮೊಣಕೈ ಹಿಡಿದುಕೊಂಡಿದ್ದ. ಅವನೂ ಬೂಟು ಕಳಚಿದ್ದ.

ಭಾನುವಾರ ಮೋಡವಿತ್ತು, ಮಳೆಯಿರಲಿಲ್ಲ. ಬಾವಿಯ ಗೇಟಿನಲ್ಲಿ ಗಾಡಿ ನಿಂತಿತು. ಹೊಲ, ದೋಣಿ, ಅಂಗಡಿ ಬಿಟ್ಟು ಎಲ್ಲರೂ ಬಂದಿದ್ದರು. ನಾಲ್ಕು ಬ್ಯಾರೆಟ್‌ಗಳು ಪೆಟ್ಟಿಗೆಯನ್ನು ಎಳೆದು, ಪದ್ಧತಿಯಂತೆ ಕಾಲಿನ ಕಡೆ ಮುಂದಾಗಿ ತಿರುಗಿಸುತ್ತಿದ್ದರು. ನಾನು ಕೈ ಅಡ್ಡ ಹಿಡಿದೆ.

"ತಲೆ ಮುಂದಾಗಲಿ," ಎಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಕಾಲು ಮುಂದಾಗಿ ಒಯ್ಯುವುದು ಎಲ್ಲರಿಗೂ ಒಂದೇ ನಿಯಮ. ಸತ್ತವನು ಹೋಗುವ ದಾರಿಯನ್ನೇ ನೋಡುತ್ತಿರಬೇಕು.

"ತಲೆ ಮುಂದೆ ಇಡೋದು ಪಾದ್ರಿಗಳಿಗೆ ಮಾತ್ರ, ಕೋಲ್ಮನ್," ಎಂದು ಹಿಂದಿನಿಂದ ಯಾರೋ ಅಂದರು.

"ಯಾಕೆ ಪಾದ್ರಿಗಳಿಗೆ ಹಾಗೆ, ಫಾದರ್?" ಎಂದು ನಾನು ಕೇಳಿದೆ.

"ಪಾದ್ರಿ ಜನರ ಕಡೆ ಮುಖ ಮಾಡಿ ನಿಂತವನು. ಸತ್ತ ಮೇಲೂ ಹಾಗೇ ಇರಲಿ ಅಂತ," ಎಂದರು ಫಾದರ್ ಡೋಲನ್.

"ಇವಳೂ ಹಾಗೆ ನಿಂತವಳು. ಇಷ್ಟು ವರ್ಷ ನಮ್ಮ ಕಡೆ ಮುಖ ಮಾಡಿಕೊಂಡೇ ಈ ಬಾವಿ ಸುತ್ತಿದ್ದಾಳೆ. ಇವತ್ತೂ ಹಾಗೇ ಸುತ್ತಲಿ."

ಫಾದರ್ ಡೋಲನ್ ಡೆಲಿಯಾಳ ಕಡೆ ನೋಡಿದರು. ಡೆಲಿಯಾ ಬೂಟು ಕಳಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು, "ತಿರುಗಿಸ್ರೋ. ನಿಮ್ಮ ಅಜ್ಜಿ ನೆತ್ತಿಯನ್ನ ಅವಳು ಇನ್ನೊಂದು ಸಲ ನೋಡಲಿ."

ತಿರುಗಿಸಿದರು. ನಾಲ್ಕು ಹೆಗಲು ಒಟ್ಟಿಗೆ ಮೇಲೆದ್ದವು. ಪೆಟ್ಟಿಗೆ ಮುಂದೆ ಹೊರಟಿತು, ತಲೆ ಮುಂದಾಗಿ, ಹಿಂದೆ ಬರುವ ನಮ್ಮ ಕಡೆಗೆ ಅವಳ ಮುಖ. ಅದರ ಹಿಂದೆ ಡೆಲಿಯಾ, ಡೆಲಿಯಾಳ ಹಿಂದೆ ನಾನು, ನನ್ನ ಹಿಂದೆ ಊರು. ತೊಟ್ಟಿ ದಾಟಿದೆವು. ಮುಳ್ಳುಮರದ ಬೇರಿನಲ್ಲಿ ಹುಡುಗರು ನಿಂತು, ಒಬ್ಬರಿಗೊಬ್ಬರು ಹೇಳಿ, ಕಾಲೆತ್ತಿ ದಾಟಿದರು. ಡೆಲಿಯಾ ಅಲ್ಲಿ ತಲೆ ಎತ್ತಿದಳು. ಅವಳನ್ನು ನೋಡಿ ನಾನೂ ಎತ್ತಿದೆ. ಸುತ್ತಿನಲ್ಲಿ ತಲೆ ಎತ್ತಿ ನಡೆದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಮುಂದೆ ಕಂಡದ್ದು ಮರದ ಹಲಗೆ ಮಾತ್ರ. ಆದರೂ ನನ್ನ ಮುಖವನ್ನು ಯಾರೋ ನೋಡುತ್ತಿದ್ದಾರೆಂದು ಅದನ್ನು ಸರಿಯಾಗಿ ಹಿಡಿದುಕೊಂಡೆ.

ಚಪ್ಪಡಿ ದಾಟಿ, ಗೋಡೆಯ ಅಂಚಿನಲ್ಲಿ ಏರಿ, ತೊಟ್ಟಿಗೆ ಬಂದು ಸುತ್ತು ಪೂರ್ತಿಯಾಯಿತು. ನೋರಾಳ ಪಕ್ಕದ ಗುಂಡಿಗೆ ಅವಳನ್ನು ಇಳಿಸಿದೆವು. ಮೊದಲ ಹಿಡಿ ಮಣ್ಣು ಹಾಕಿ ನಾನು ಹೇಳಿದ ಪ್ರಾರ್ಥನೆ ಇದು. ಇಂದಿಗೂ ಸಂಜೆಯ ಜಪದಲ್ಲಿ ಅವಳ ಪಾಲಿನ ಅರ್ಧವನ್ನು ಹೇಳಿ ಮುಗಿಸಿದ ಮೇಲೆ ಇದನ್ನೇ ಹೇಳುತ್ತೇನೆ.

ಕರುಣಾಳುವಾದ ತಂದೆಯೇ, ದೂರದಿಂದ ಬಂದು ನಮ್ಮ ಮುಂದೆ ನಡೆದ ನಿನ್ನ ಮಗಳು ಇಲ್ಕಾಳನ್ನು ಬರಮಾಡಿಕೋ. ದಾರಿಗೆ ಬೆನ್ನು ಮಾಡಿ, ನಿನ್ನನ್ನು ನಂಬಿ, ಕಾಣದ ಕಡೆಗೆ ಹೆಜ್ಜೆಯಿಟ್ಟವಳು ಅವಳು. ಅವಳ ಹಿಮ್ಮಡಿಗಳಿಗೆ ಇನ್ನು ನೋವಾಗದಿರಲಿ. ನಾವು ಒಬ್ಬರಿಗೊಬ್ಬರು ತೋರಿಸದ ಮುಖಗಳನ್ನು ಅವಳು ನೋಡಿದಳು. ನಿನ್ನ ಮುಖವನ್ನು ಅವಳಿಗೆ ತೋರಿಸು. ಸಂತ ಕ್ರೋನಾ ಅವಳ ಕೈ ಹಿಡಿಯಲಿ, ನೋರಾ ಅವಳಿಗೆ ಎದುರು ಬರಲಿ. ಅವಳ ಆತ್ಮಕ್ಕೆ ನಿನ್ನ ಬೆಳಕಿನಲ್ಲಿ ಎಂದೆಂದಿಗೂ ಶಾಂತಿ ಸಿಗಲಿ. ಆಮೆನ್.